ಸಿಲ್ವಿಯಾ: ಮದರಾಸಿನಲ್ಲಿ ಕಂಡ ಕರಿಯ ಕ್ಷುದ್ರಗ್ರಹ

ಬೆಳಗಾವಿಯ ವಡಗಾವಿ ನೇಕಾರರ ಊರು. ಅಲ್ಲಿನ ಓಣಿಗಳಲ್ಲಿ ನಡೆದರೆ ಇಂದಿಗೂ ಮಗ್ಗದ ಸದ್ದು ಕಿವಿಗೆ ಬೀಳುತ್ತದೆ. ಮಗ್ಗದ ಮುಂದೆ ಕುಳಿತವರನ್ನು ನೀವು ಗಮನಿಸಿದ್ದೀರಾ? ಸಾವಿರಾರು ಎಳೆಗಳ ಹಾಸಿನಲ್ಲಿ ಒಂದೇ ಒಂದು ಎಳೆ ಕಡಿದಿದ್ದರೂ ಅವರ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ನಮಗೆ ಬಟ್ಟೆ ಕಾಣುತ್ತದೆ, ಅವರಿಗೆ ತಪ್ಪಿದ ಎಳೆ ಕಾಣುತ್ತದೆ. ಛಾಯಾಗ್ರಹಣ ಖಗೋಳ ವಿಜ್ಞಾನಕ್ಕೆ ಒದಗುವ ಮೊದಲು ಕ್ಷುದ್ರಗ್ರಹಗಳನ್ನು ಹುಡುಕುತ್ತಿದ್ದವರ ಕಣ್ಣೂ ಇಂಥದೇ ಆಗಿತ್ತು. ಒಂದು ವ್ಯತ್ಯಾಸವಿದೆ. ಅವರು ಹುಡುಕುತ್ತಿದ್ದುದು ಕಡಿದ ಎಳೆಯನ್ನಲ್ಲ, ಇರಬಾರದ ಕಡೆ ಇರುವ ಹೆಚ್ಚಿನ ಎಳೆಯನ್ನು. ಮದರಾಸಿನಲ್ಲಿ ಕುಳಿತು ಹಾಗೆ ಹುಡುಕಿದವರೊಬ್ಬರಿಗೆ 1866ರ ಮೇ 16ರಂದು ಸಿಕ್ಕ ಒಂದು ಚುಕ್ಕೆಯ ಕಥೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವೆ ಕ್ಷುದ್ರಗ್ರಹಗಳ ಪಟ್ಟಿ ಇದೆ ಎಂಬುದನ್ನು ನೀವು ತರಗತಿಯಲ್ಲಿ ಹೇಳುತ್ತಲೇ ಇರುತ್ತೀರಿ. ಪಠ್ಯದಲ್ಲಿ ಸಾಮಾನ್ಯವಾಗಿ ಅದಕ್ಕೆ ಒಂದೆರಡು ವಾಕ್ಯಗಳಷ್ಟೇ ಜಾಗ. 1801ರ ಜನವರಿ 1ರಂದು ಪಿಯಾಟ್ಸಿ ಸೀರಿಸನ್ನು ಕಂಡರು. 1807ರ ಹೊತ್ತಿಗೆ ನಾಲ್ಕು ಸಿಕ್ಕಿದ್ದವು. ಐದನೆಯದಕ್ಕೆ 1845ರವರೆಗೆ ಕಾಯಬೇಕಾಯಿತು. ಆಮೇಲೆ ವರ್ಷಕ್ಕೆ ಹಲವು ಸಿಗತೊಡಗಿದವು. ಇವೆಲ್ಲ ಯೂರೋಪಿನ, ಅಮೆರಿಕದ ವೀಕ್ಷಣಾಲಯಗಳ ಫಸಲು. ಈ ಪಟ್ಟಿಯಲ್ಲಿ ಭಾರತದ ನೆಲದಿಂದ ಕಂಡವೂ ಇವೆ, ಅವುಗಳಲ್ಲಿ ಎರಡು ಇಂದು ಸಂಶೋಧಕರಿಗೆ ಅತ್ಯಂತ ಪ್ರಿಯವಾದ ಕಾಯಗಳಾಗಿವೆ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ.

ಮೊದಲು ಆ ವೀಕ್ಷಣಾಲಯದ ಪರಿಚಯ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ 1786ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಖಾಸಗಿಯಾಗಿ ಒಂದು ಸಣ್ಣ ವೀಕ್ಷಣಾಲಯ ಕಟ್ಟಿಕೊಂಡಿದ್ದರು. ಅದೇ 1792ರಲ್ಲಿ ಕಂಪನಿಯ ವೀಕ್ಷಣಾಲಯವಾಗಿ ನುಂಗಂಬಾಕ್ಕಂನಲ್ಲಿ ನೆಲೆಯೂರಿತು. ಉಪಕರಣಗಳನ್ನು ಅಲುಗದಂತೆ ನಿಲ್ಲಿಸಲು ನೆಟ್ಟ ಕಗ್ಗಲ್ಲಿನ ಕಂಬ ಇಂದಿಗೂ ಅಲ್ಲಿದೆ. ಮದರಾಸೆಲ್ಲಿ, ಬೆಳಗಾವಿಯೆಲ್ಲಿ ಎನ್ನುತ್ತೀರೇನೋ. ಒಂದು ನಂಟು ಇದೆ. ಈಗಿನ ಭಾರತೀಯ ಪ್ರಮಾಣ ಕಾಲ 1906ರ ಜನವರಿ 1ರಿಂದ ಜಾರಿಗೆ ಬಂತು. ಅದಕ್ಕೆ ಮೊದಲು ದೇಶದ ರೈಲುಗಳು ನಡೆಯುತ್ತಿದ್ದುದು ಮದರಾಸು ಕಾಲದಲ್ಲಿ. ಆ ಕಾಲವನ್ನು ನಕ್ಷತ್ರಗಳ ವೀಕ್ಷಣೆಯಿಂದ ಲೆಕ್ಕ ಹಾಕಿ ಕೊಡುತ್ತಿದ್ದುದು ಇದೇ ವೀಕ್ಷಣಾಲಯ. ಬೆಳಗಾವಿಯ ರೇಖಾಂಶ ಸುಮಾರು 74 ಡಿಗ್ರಿ 30 ಮಿನಿಟು ಪೂರ್ವ, ಮದರಾಸಿನದು 80 ಡಿಗ್ರಿ 15 ಮಿನಿಟು. ವ್ಯತ್ಯಾಸ ಐದೂಮುಕ್ಕಾಲು ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷದಂತೆ 23 ನಿಮಿಷ. ಅಂದರೆ ರೈಲಿನ ಗಡಿಯಾರ ಹನ್ನೆರಡು ಹೊಡೆದಾಗ ಬೆಳಗಾವಿಯ ಸೂರ್ಯ ನೆತ್ತಿಗೆ ಬರಲು ಇನ್ನೂ 23 ನಿಮಿಷ ಬಾಕಿ. ಆಡಳಿತದ ಮಟ್ಟಿಗೆ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರೈಲಿನ ಗಡಿಯಾರ ಮಾತ್ರ ಮದರಾಸಿನ ನಕ್ಷತ್ರಗಳಿಗೆ ಸೇರಿತ್ತು!

ಈ ವೀಕ್ಷಣಾಲಯಕ್ಕೆ 1861ರಲ್ಲಿ ಸರ್ಕಾರಿ ಖಗೋಳ ವಿಜ್ಞಾನಿಯಾಗಿ ಬಂದವರು ನಾರ್ಮನ್ ರಾಬರ್ಟ್ ಪಾಗ್ಸನ್. 1829ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಪಾಗ್ಸನ್ ಇಲ್ಲಿಗೆ ಬರುವ ಮುಂಚೆಯೇ ಹೆಸರು ಮಾಡಿದ್ದರು. ಇಂಗ್ಲೆಂಡಿನಲ್ಲಿದ್ದಾಗಲೇ ಐಸಿಸ್, ಅರಿಯಾಡ್ನಿ, ಹೆಸ್ಟಿಯಾ ಎಂಬ ಮೂರು ಕ್ಷುದ್ರಗ್ರಹಗಳನ್ನು ಕಂಡಿದ್ದರು. ನಕ್ಷತ್ರಗಳ ಕಾಂತಿಮಾನಕ್ಕೆ ನಾವು ಇಂದಿಗೂ ಬಳಸುವ ಗಣಿತದ ನಿಯಮ ಅವರು 1856ರಲ್ಲಿ ಸೂಚಿಸಿದ್ದು. ಐದು ಕಾಂತಿಮಾನಗಳ ಅಂತರವೆಂದರೆ ಸರಿಯಾಗಿ ನೂರು ಪಟ್ಟು ಬೆಳಕಿನ ಅಂತರ, ಆದ್ದರಿಂದ ಒಂದು ಕಾಂತಿಮಾನಕ್ಕೆ 2.512 ಪಟ್ಟು. ನೂರರ ಐದನೆಯ ಮೂಲ ತೆಗೆದರೆ ಈ ಸಂಖ್ಯೆ ಬರುತ್ತದೆಂದು ನಿಮ್ಮ ವಿದ್ಯಾರ್ಥಿಗಳೇ ಲಾಗರಿದಮ್ ಕೋಷ್ಟಕದಿಂದ ತೋರಿಸಬಹುದು. ಈ ನಿಯಮ ನಮಗೆ ಮುಂದೆ ಬೇಕಾಗುತ್ತದೆ, ಮರೆಯಬೇಡಿ.

ಮದರಾಸಿಗೆ ಬಂದ ಕೆಲವೇ ವಾರಗಳಲ್ಲಿ, 1861ರ ಏಪ್ರಿಲ್ 17ರಂದು, ಪಾಗ್ಸನ್ ಅವರಿಗೆ 67ನೆಯ ಕ್ಷುದ್ರಗ್ರಹ ಸಿಕ್ಕಿತು. ಏಷ್ಯಾ ಖಂಡದಿಂದ ಕಂಡ ಮೊದಲನೆಯದಾದ್ದರಿಂದ ಅದಕ್ಕೆ ಏಷ್ಯಾ ಎಂದೇ ಹೆಸರಿಟ್ಟರು. 1864ರ ಮೇ 2ರಂದು 80ನೆಯದು, ಸಾಫೋ. 1866ರ ಮೇ 16ರಂದು 87ನೆಯದು, ಸಿಲ್ವಿಯಾ. ಮೂರೂ ಏಪ್ರಿಲ್ ಮೇ ತಿಂಗಳವೆಂಬುದನ್ನು ಗಮನಿಸಿ. ಸೆಖೆಯಲ್ಲಿ ಮದರಾಸಿನ ಜನ ಮಹಡಿ ಹತ್ತಿ ಮಲಗುವ ದಿನಗಳಲ್ಲಿ ಈ ಮನುಷ್ಯ ದೂರದರ್ಶಕಕ್ಕೆ ಕಣ್ಣು ಹಚ್ಚಿ ನಿಂತಿದ್ದರು.

ಹುಡುಕುವ ಕ್ರಮ ಹೀಗಿತ್ತು. ಕ್ಷುದ್ರಗ್ರಹಗಳು ಬಹುಮಟ್ಟಿಗೆ ಕ್ರಾಂತಿವೃತ್ತದ ಆಸುಪಾಸಿನಲ್ಲೇ ಸಂಚರಿಸುತ್ತವೆ. ಆ ಪಟ್ಟಿಯ ಒಂದು ಸಣ್ಣ ತುಂಡನ್ನು ಆರಿಸಿಕೊಂಡು ಅದರಲ್ಲಿ ಕಾಣುವ ಪ್ರತಿಯೊಂದು ನಕ್ಷತ್ರವನ್ನೂ ನಕ್ಷೆಯಲ್ಲಿ ಗುರುತಿಸಬೇಕು. ಇನ್ನೊಂದು ರಾತ್ರಿ ಅದೇ ತುಂಡನ್ನು ನೋಡಿ ನಕ್ಷೆಯೊಡನೆ ಹೋಲಿಸಬೇಕು. ಇರಬೇಕಾದ ಚುಕ್ಕೆ ಇಲ್ಲದಿದ್ದರೆ ಅಥವಾ ಇಲ್ಲದ ಚುಕ್ಕೆ ಇದ್ದರೆ ಎರಡು ಸಾಧ್ಯತೆ: ಅದು ಚರಕಾಂತಿ ನಕ್ಷತ್ರವಿರಬಹುದು, ಇಲ್ಲವೇ ಚಲಿಸುವ ಕಾಯವಿರಬಹುದು. ಪಾಗ್ಸನ್ ಎರಡನ್ನೂ ಹುಡುಕುತ್ತಿದ್ದರು. ಹೀಗಾಗಿ ಅವರ ಒಂದು ಬಲೆಯಲ್ಲಿ ಎರಡು ಬಗೆಯ ಮೀನು. ನಾಲ್ಕಾರು ಗಂಟೆ ಕಾದರೆ ಚಲನೆ ಗೊತ್ತಾಗುತ್ತದೆ, ಮೋಡ ಬರದಿದ್ದರೆ.

ಸಿಲ್ವಿಯಾದ ಚಲನೆ ಎಷ್ಟಿತ್ತು? ಸೂರ್ಯನಿಂದ ಅದರ ಸರಾಸರಿ ದೂರ 3.48 ಖಗೋಳ ಮಾನ. ಕೆಪ್ಲರನ ಮೂರನೆಯ ನಿಯಮ ಹಚ್ಚಿ: 3.48ರ ಘನ ಸುಮಾರು 42.1, ಅದರ ವರ್ಗಮೂಲ 6.49. ಅಂದರೆ ಆರೂವರೆ ವರ್ಷಕ್ಕೆ ಒಂದು ಸುತ್ತು. ಭೂಮಿಯ ವೇಗ ಸೆಕೆಂಡಿಗೆ ಸುಮಾರು 29.8 ಕಿಮೀ, ಸಿಲ್ವಿಯಾದ್ದು ಸುಮಾರು 16 ಕಿಮೀ. ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಅದು ಬಂದಾಗ, ಅಂದರೆ ವಿಯುತಿಯ ಹೊತ್ತಿನಲ್ಲಿ, ಭೂಮಿ ಅದನ್ನು ಹಿಂದೆ ಹಾಕಿ ಮುಂದೆ ಸಾಗುತ್ತದೆ. ಆಗ ಅದು ನಕ್ಷತ್ರಗಳ ನಡುವೆ ವಕ್ರಗತಿಯಲ್ಲಿ ದಿನಕ್ಕೆ ಸುಮಾರು 11 ಕಲೆಗಳಷ್ಟು ಸರಿಯುತ್ತದೆ. ಹುಣ್ಣಿಮೆ ಚಂದ್ರನ ಅಗಲದ ಮೂರನೇ ಒಂದು ಭಾಗ. ದೂರದ ಕ್ಷುದ್ರಗ್ರಹವಾದ್ದರಿಂದಲೇ ಇಷ್ಟು ನಿಧಾನ. ಅದರ ಕಾಂತಿಮಾನ ವಿಯುತಿಯಲ್ಲಿ ಸರಾಸರಿ 11.6ರ ಸುಮಾರು. ಬರಿಗಣ್ಣಿಗೆ ಕಾಣುವ ಕೊನೆಯ ಕಾಂತಿಮಾನ 6 ಎಂದಿಟ್ಟುಕೊಂಡರೆ ವ್ಯತ್ಯಾಸ 5.6. ಪಾಗ್ಸನ್ ಅವರ ನಿಯಮದಂತೆಯೇ ಲೆಕ್ಕ ಹಾಕಿದರೆ, ನಾವು ಬರಿಗಣ್ಣಿನಿಂದ ಕಷ್ಟಪಟ್ಟು ಕಾಣುವ ನಕ್ಷತ್ರಕ್ಕಿಂತ ಸುಮಾರು 170 ಪಟ್ಟು ಮಂದ.

ಹೆಸರಿನ ಬಗ್ಗೆ ಒಂದು ತಕರಾರು ಇದೆ, ಇತಿಹಾಸದಲ್ಲಿ ಆಸಕ್ತಿ ಇರುವವರು ಗಮನಿಸಬೇಕಾದ್ದು. ಫ್ರೆಂಚ್ ಖಗೋಳ ಲೇಖಕ ಕಮೀಯ್ ಫ್ಲಾಮಾರಿಯೋನ್ ಅವರ ಮೊದಲ ಪತ್ನಿಯ ಹೆಸರು ಸಿಲ್ವಿ. ಆಕೆಯ ಗೌರವಾರ್ಥ ಈ ಹೆಸರು ಬಂತೆಂದು ಕ್ಷುದ್ರಗ್ರಹಗಳ ಹೆಸರಿನ ಕೋಶವೊಂದರಲ್ಲಿ ಅಚ್ಚಾಗಿದೆ, ಅದನ್ನು ನೋಡಿ ಮತ್ತೆ ಹಲವರು ಬರೆದಿದ್ದಾರೆ. ಆದರೆ 1866ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪಾಗ್ಸನ್ ತಾವೇ ಕಾರಣ ಹೇಳಿದ್ದಾರೆ: ರೋಮನ್ ಪುರಾಣದ ರಿಯಾ ಸಿಲ್ವಿಯಾ, ರೋಮ್ಯುಲಸ್ ಮತ್ತು ರೀಮಸ್ ಎಂಬ ಅವಳಿ ಮಕ್ಕಳ ತಾಯಿ. ಹೆಸರಿಟ್ಟವರ ಮಾತೇ ಸಿಗುವಾಗ ಕೋಶದ ಮಾತಿಗೆ ಏಕೆ ಜೋತು ಬೀಳಬೇಕು? ಮೂಲ ಲೇಖನ ನೋಡದೆ ಕೋಶ ನೋಡಿ ಬರೆಯುವ ಅಭ್ಯಾಸ ನಮ್ಮಲ್ಲೂ ಕಡಿಮೆಯೇನಿಲ್ಲ. ಆ ಅವಳಿ ಮಕ್ಕಳು ಮುಂದೆ ನಮ್ಮ ಕಥೆಯಲ್ಲಿ ನಿಜವಾಗಿಯೇ ಬರಲಿದ್ದಾರೆ.

1868ರಲ್ಲಿ ಪಾಗ್ಸನ್ ಅವರಿಗೆ ಬಿಡುವೇ ಇರಲಿಲ್ಲ. ಆ ವರ್ಷ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ದಖ್ಖನ್ನಿನ ಮೇಲೆ ಹಾದುಹೋಯಿತು. ಪಾಗ್ಸನ್ ಮಚಲೀಪಟ್ಟಣಕ್ಕೆ ಹೋದರು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿದ್ದರು. ನಮ್ಮ ಭಾಗದವರು ನೆನಪಿಡಬೇಕಾದ್ದು ಜಮಖಂಡಿ. ಯುರೇನಸ್ ಕಂಡ ವಿಲಿಯಂ ಹರ್ಷೆಲ್ ಅವರ ವಂಶದ ಮೂರನೆಯ ತಲೆಮಾರಿನ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ರೋಹಿತದರ್ಶಕ ಹೂಡಿ, ಮೋಡಗಳ ಸಂದಿನಲ್ಲಿ ಸೂರ್ಯನ ಅಂಚಿನ ಚಾಚುಗಳ ಪ್ರಕಾಶ ರೇಖೆಗಳನ್ನು ಕಂಡರು. ಚಾಚುಗಳು ಬಿಸಿ ಅನಿಲಗಳೆಂದು ತಿಳಿದದ್ದು ಆ ದಿನದ ವೀಕ್ಷಣೆಗಳಿಂದ. ಹೀಲಿಯಂ ಕಥೆಯ ಆರಂಭವೂ ಅಲ್ಲೇ. ಅದು ಬೇರೆಯೇ ಲೇಖನವಾದೀತು. ಗ್ರಹಣ ಮುಗಿಸಿ ಬಂದ ಪಾಗ್ಸನ್ ಮೂರೇ ತಿಂಗಳಲ್ಲಿ, ನವೆಂಬರ್ 17ರಂದು, 107ನೆಯ ಕ್ಷುದ್ರಗ್ರಹ ಕಮಿಲಾವನ್ನು ಕಂಡರು. ಅದೂ ಹೆಚ್ಚುಕಡಿಮೆ ಸಿಲ್ವಿಯಾದಷ್ಟೇ ದೂರದಲ್ಲಿರುವ, ಅಷ್ಟೇ ಕಪ್ಪಾದ ಕಾಯ.

ಈ ವೀಕ್ಷಣಾಲಯದ ಚರಿತ್ರೆಯಲ್ಲಿ ಪಾಗ್ಸನ್ ಹೆಸರೊಂದನ್ನೇ ಹೇಳಿ ಮುಂದೆ ಹೋದರೆ ಅನ್ಯಾಯ. ಪಂಚಾಂಗ ಕರ್ತೃಗಳ ಮನೆತನದ ಚಿಂತಾಮಣಿ ರಘುನಾಥಾಚಾರಿ ಅಲ್ಲಿ ಸಹಾಯಕರಾಗಿ ಸೇರಿ ಮೊದಲ ಸಹಾಯಕರ ಹುದ್ದೆಗೇರಿದವರು. ಯಾಮ್ಯೋತ್ತರ ಉಪಕರಣದಲ್ಲಿ ರಾತ್ರಿಯಿಂದ ರಾತ್ರಿಗೆ ನಕ್ಷತ್ರಗಳ ಸ್ಥಾನ ಅಳೆಯುತ್ತಿದ್ದ ಅವರು 1867ರಲ್ಲಿ ರೆಟಿಕ್ಯುಲಮ್ ಪುಂಜದ ಒಂದು ನಕ್ಷತ್ರ ಚರಕಾಂತಿಯದೆಂದು ಪತ್ತೆ ಮಾಡಿದರು. 1872ರಲ್ಲಿ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ಫೆಲೋ ಆದರು. ಕನ್ನಡದಲ್ಲಿ ವಿಜ್ಞಾನ ಓದುವ ನಿಮಗೆ ಇನ್ನೊಂದು ವಿಷಯ ಹೇಳಲೇಬೇಕು. 1874ರ ಡಿಸೆಂಬರ್ 9ರ ಶುಕ್ರ ಸಂಕ್ರಮವನ್ನು ಜನರಿಗೆ ತಿಳಿಸಲು ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಹೊರಬಂತು. ಅಂದರೆ ಖಗೋಳ ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಕೆಲಸಕ್ಕೆ ಒಂದೂವರೆ ಶತಮಾನದ ಹಿಂದೆಯೇ ಈ ವೀಕ್ಷಣಾಲಯದಿಂದ ಒಬ್ಬರು ಕೈ ಹಾಕಿದ್ದರು. ಸರ್ಕಾರಿ ವರದಿಗಳಲ್ಲಿ ಸಹಾಯಕರ ಹೆಸರು ಹೇಗೆ ಬರುತ್ತದೆ, ಎಷ್ಟು ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ರಘುನಾಥಾಚಾರಿ ಆ ನಿಯಮಕ್ಕೆ ಅಪವಾದ. ಉಳಿದವರ ಹೆಸರು ಅಷ್ಟಾಗಿ ಬೆಳಕಿಗೆ ಬರಲಿಲ್ಲ.

ಸಿಲ್ವಿಯಾವನ್ನು ಕಂಡವರಿಗೆ ಅದರ ಬಗ್ಗೆ ಏನು ಗೊತ್ತಿತ್ತು? ಕಕ್ಷೆ, ಕಾಂತಿಮಾನ. ಅಷ್ಟೇ. ಕಕ್ಷೆಯ ಬಗ್ಗೆ ಒಂದು ಸ್ವಾರಸ್ಯವಿದೆ. ಅದೇ 1866ರಲ್ಲಿ ಅಮೆರಿಕದ ಡೇನಿಯಲ್ ಕರ್ಕ್‌ವುಡ್, ಅಷ್ಟರಲ್ಲಿ ತಿಳಿದಿದ್ದ ನೂರರೊಳಗಿನ ಕ್ಷುದ್ರಗ್ರಹಗಳ ದೂರಗಳನ್ನು ಸಾಲಾಗಿ ಬರೆದು ನೋಡಿ, ನಡುನಡುವೆ ಖಾಲಿ ಜಾಗಗಳಿವೆ ಎಂದು ಸಾರಿದರು. ಗುರುವಿನ ಪರಿಭ್ರಮಣ ಕಾಲದ ಸರಿಯಾಗಿ ಅರ್ಧ, ಮೂರನೇ ಒಂದು, ಹೀಗೆ ಸರಳ ಭಿನ್ನರಾಶಿ ಬರುವ ದೂರಗಳಲ್ಲಿ ಕಾಯಗಳೇ ಇಲ್ಲ. ಗುರುವಿನ ದೂರ 5.2ನ್ನು 1.587ರಿಂದ ಭಾಗಿಸಿದರೆ 3.28. ಇದು ಅರ್ಧ ಕಾಲದ ತೆರವು, ಮುಖ್ಯ ಪಟ್ಟಿಯ ಹೊರ ಅಂಚೆಂದು ಇದನ್ನೇ ಹೇಳುವುದುಂಟು. ಸಿಲ್ವಿಯಾ 3.48ರಲ್ಲಿ, ಈ ತೆರವಿನ ಆಚೆಗಿದೆ. 1861ರಲ್ಲಿ ಕಂಡ ಸಿಬಿಲಿ ಎಂಬ ಕ್ಷುದ್ರಗ್ರಹದ ಹೆಸರಿನಿಂದ ಕರೆಯುವ ಹೊರ ಗುಂಪಿಗೆ ಅದು ಸೇರಿದೆ.

ಇನ್ನು ಗಾತ್ರ. ದೂರದರ್ಶಕದಲ್ಲಿ ಕ್ಷುದ್ರಗ್ರಹ ಬರೀ ಚುಕ್ಕೆ. ಬೆಳಕು ಕಡಿಮೆ ಇದ್ದರೆ ಕಾಯ ಸಣ್ಣದೆಂದು ಊಹಿಸಬಹುದು, ಅಥವಾ ದೊಡ್ಡದಾದರೂ ಕಪ್ಪೆಂದು ಊಹಿಸಬಹುದು. ಚುಕ್ಕೆ ನೋಡಿ ಇವೆರಡರಲ್ಲಿ ಯಾವುದೆಂದು ಹೇಳುವಂತಿಲ್ಲ. ಬಿದ್ದ ಬೆಳಕಿನ ಐದನೇ ಒಂದು ಭಾಗ ಹಿಂದಿರುಗುತ್ತದೆ ಎಂದು ಭಾವಿಸಿದರೆ ಸಿಲ್ವಿಯಾದ ವ್ಯಾಸ ಸುಮಾರು 120 ಕಿಮೀ ಬರುತ್ತದೆ. ವಾಸ್ತವವಾಗಿ ಅದು ಹಿಂದಿರುಗಿಸುವುದು ನೂರಕ್ಕೆ ನಾಲ್ಕು ಭಾಗದಷ್ಟು. ಬೆಳಕು ಐದು ಪಟ್ಟು ಕಡಿಮೆಯಾದರೆ ಅಷ್ಟೇ ಕಾಂತಿಗೆ ಮೇಲ್ಮೈ ಐದು ಪಟ್ಟು ಬೇಕು, ವ್ಯಾಸ ಐದರ ವರ್ಗಮೂಲದಷ್ಟು, ಅಂದರೆ 2.24 ಪಟ್ಟು ಹೆಚ್ಚಬೇಕು. ಸರಾಸರಿ ವ್ಯಾಸ ಸುಮಾರು 270 ಕಿಮೀ! ಬೈಲಹೊಂಗಲ, ಸವದತ್ತಿ ಕಡೆಯ ಎರೆ ಮಣ್ಣು ನೋಡಿದ್ದೀರಲ್ಲ, ಮಳೆಯಲ್ಲಿ ನೆನೆದ ಆ ಎರೆಗಿಂತಲೂ ಸಿಲ್ವಿಯಾ ಕಪ್ಪು.

ಕಪ್ಪೆಂದು ತಿಳಿದದ್ದು ಹೇಗೆ? 1970ರ ದಶಕದಲ್ಲಿ ಅವಗೆಂಪು ಕಿರಣಗಳನ್ನು ಅಳೆಯುವ ಸಾಧನಗಳು ಬಂದ ಮೇಲೆ. ಬೇಸಿಗೆಯ ಬಿಸಿಲಿಗೆ ಒಂದು ಕರಿಯ ಇಳಕಲ್ ಸೀರೆ, ಒಂದು ಬಿಳಿ ಧೋತರ ಒಣಹಾಕಿ, ಸ್ವಲ್ಪ ಹೊತ್ತಿನ ಮೇಲೆ ಮುಟ್ಟಿ ನೋಡಿ. ಕರಿಯದು ಹೆಚ್ಚು ಬಿಸಿ. ಬಿಳಿಯದು ಬೆಳಕನ್ನು ಹಿಂದಕ್ಕೆಸೆಯುತ್ತದೆ, ಕರಿಯದು ನುಂಗಿ ಶಾಖವಾಗಿ ಬಿಡುತ್ತದೆ. ಕ್ಷುದ್ರಗ್ರಹದಿಂದ ಬರುವ ಬೆಳಕನ್ನೂ ಶಾಖವನ್ನೂ ಎರಡನ್ನೂ ಅಳೆದರೆ ಗಾತ್ರ, ಪ್ರತಿಫಲನಾಂಕ ಎರಡೂ ಸಿಗುತ್ತವೆ. ಹೀಗೆ ಅಳೆದಾಗ ಕಂಡದ್ದು: ಪಟ್ಟಿಯ ಒಳಭಾಗದಲ್ಲಿ ಸಿಲಿಕೇಟು ಶಿಲೆಯ ಮಾಸಲು ಕಾಯಗಳು ಹೆಚ್ಚು, ಹೊರಕ್ಕೆ ಹೋದಂತೆ ಇಂಗಾಲಯುಕ್ತ ಕರಿಯ ಕಾಯಗಳು ಹೆಚ್ಚು. 1975ರಲ್ಲಿ ಚಾಪ್‌ಮನ್, ಮಾರಿಸನ್, ಜೆಲ್ನರ್ ಇವುಗಳಿಗೆ ಎಸ್ ಮತ್ತು ಸಿ ಎಂದು ವರ್ಗ ಹೆಸರಿಟ್ಟರು. 1982ರಲ್ಲಿ ಗ್ರೇಡಿ ಮತ್ತು ಟೆಡೆಸ್ಕೊ ಈ ಹಂಚಿಕೆಯನ್ನು ದೂರದೊಡನೆ ಹೊಂದಿಸಿ ತೋರಿಸಿದರು. ಸಿಲ್ವಿಯಾ ಮತ್ತು ಕಮಿಲಾ ಇನ್ನೂ ಒಂದು ಹೆಜ್ಜೆ ಆಚೆಯವು. ಸಿ ವರ್ಗದಂತೆಯೇ ಕಪ್ಪು, ರೋಹಿತ ಮಾತ್ರ ತುಸು ಕೆಂಪಿನತ್ತ ಏರುತ್ತದೆ. ಇವಕ್ಕೆ ಪಿ ವರ್ಗವೆನ್ನುತ್ತಾರೆ.

ಈ ಇಂಗಾಲಯುಕ್ತ ಪದಾರ್ಥ ಎಂಥದು? ಕೈಗೆ ಸಿಗುವ ಸಾಕ್ಷಿ ಉಲ್ಕಾಶಿಲೆ. ಸಿಲ್ವಿಯಾ ಸಿಕ್ಕ ಆಸುಪಾಸಿನಲ್ಲೇ ಕರ್ನಾಟಕದ ನೆಲದ ಮೇಲೆ ಎರಡು ಉಲ್ಕಾಶಿಲೆಗಳು ಬಿದ್ದಿವೆ: 1865ರಲ್ಲಿ ಮದ್ದೂರಿನ ಬಳಿ, 1866ರಲ್ಲಿ ಉಡುಪಿಯ ಬಳಿ. ಎರಡೂ ಸಾಮಾನ್ಯ ಕಾಂಡ್ರೈಟ್ ಬಗೆಯವು, ಕರಿಯ ಇಂಗಾಲದ ಬಗೆಯವಲ್ಲ. ಇಂಗಾಲಯುಕ್ತ ಕಾಂಡ್ರೈಟ್ ಅಪರೂಪ. 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದದ್ದು ಜಗತ್ಪ್ರಸಿದ್ಧ. ನಮ್ಮ ದೇಶದಲ್ಲಿ 2017ರ ಜೂನ್ 6ರಂದು ಜೈಪುರದ ಬಳಿಯ ಮುಕುಂದಪುರದಲ್ಲಿ ಅದೇ ಜಾತಿಯ ಒಂದು ಶಿಲೆ ಬಿತ್ತು.

ಇಂಥ ಶಿಲೆಯನ್ನು ಅರ್ಥ ಮಾಡಿಕೊಳ್ಳಲು ಖಾನಾಪುರಕ್ಕೆ ಹೋಗಿ. ಅಲ್ಲಿನ ಕುಂಬಾರಿಕೆ, ಹೆಂಚು ಹೆಸರಾದವು. ಹಸಿ ಮಣ್ಣಿನ ಮಡಕೆಯನ್ನು ಬಿಸಿಲಲ್ಲಿ ಎಷ್ಟು ಒಣಗಿಸಿದರೂ ಅದರ ಕಣಗಳ ಒಳರಚನೆಯಲ್ಲಿ ನೀರು ಸೇರಿಕೊಂಡೇ ಇರುತ್ತದೆ. ಆದ್ದರಿಂದಲೇ ಒಣಗಿದ ಹಸಿ ಮಡಕೆಗೆ ನೀರು ಹಾಕಿದರೆ ಮತ್ತೆ ಕೆಸರು. ಆವಿಗೆಯಲ್ಲಿ ಕೆಂಪಗೆ ಕಾದಾಗ ಆ ನೀರು ಹೊರಟುಹೋಗುತ್ತದೆ, ಮಡಕೆ ಇನ್ನು ಮಣ್ಣಾಗುವುದಿಲ್ಲ. ಮರ್ಚಿಸನ್ ಬಗೆಯ ಉಲ್ಕಾಶಿಲೆ ಆವಿಗೆಗೆ ಹೋಗದ ಮಡಕೆ. ಅದರಲ್ಲಿ ಜೇಡಿಯಂಥ ಖನಿಜಗಳಿವೆ, ತೂಕದ ಸುಮಾರು ಹತ್ತನೇ ಒಂದು ಭಾಗ ಹೀಗೆ ಸೇರಿಕೊಂಡ ನೀರು. ಜೊತೆಗೆ ಇಂಗಾಲದ ಸಂಯುಕ್ತಗಳು, ಅಮೈನೊ ಆಮ್ಲಗಳು. ಇವು ಸೌರವ್ಯೂಹ ಹುಟ್ಟಿದ ಮೇಲೆ ಹೆಚ್ಚು ಕಾಯದೆ ಉಳಿದ ವಸ್ತು. ಒಳಪಟ್ಟಿಯ ಅನೇಕ ಕಾಯಗಳು ಆವಿಗೆ ಕಂಡವು. ಭೂಮಿಯಂತೂ ಕರಗಿಯೇ ಹೋಗಿತ್ತು.

ಈಗ ಉಲ್ಕಾಶಿಲೆ ಬೀಳುವುದನ್ನೇ ಕಾಯಬೇಕಾಗಿಲ್ಲ. ಭೂಮಿಯ ಸಮೀಪಕ್ಕೆ ಬರುವ ಇಂಗಾಲಯುಕ್ತ ಕ್ಷುದ್ರಗ್ರಹಗಳಿಂದ ನೇರವಾಗಿ ಪುಡಿ ತಂದದ್ದಾಗಿದೆ. ಜಪಾನಿನ ಹಯಾಬುಸಾ-2 ನೌಕೆ ರ್‍ಯುಗುವಿನಿಂದ 5.4 ಗ್ರಾಂ ತಂದಿಳಿಸಿದ್ದು 2020ರ ಡಿಸೆಂಬರಿನಲ್ಲಿ. ಅಮೆರಿಕದ ಒಸೈರಿಸ್-ರೆಕ್ಸ್ ಬೆನ್ನುವಿನಿಂದ 121.6 ಗ್ರಾಂ ತಂದದ್ದು 2023ರ ಸೆಪ್ಟೆಂಬರ್ 24ರಂದು. ಜೀವಿಗಳ ಪ್ರೋಟೀನುಗಳಲ್ಲಿರುವ 20 ಅಮೈನೊ ಆಮ್ಲಗಳ ಪೈಕಿ 14 ಬೆನ್ನುವಿನ ಪುಡಿಯಲ್ಲಿ ಸಿಕ್ಕವೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಆತುರದಲ್ಲಿ ಅಲ್ಲಿ ಜೀವ ಇತ್ತೆಂದು ಹೇಳಿಬಿಡುತ್ತಾರೆ, ತಿದ್ದಿ. ಇಟ್ಟಿಗೆ ಸಿಕ್ಕಿತೆಂದರೆ ಮನೆ ಸಿಕ್ಕಿತೆಂದಲ್ಲ. ಮತ್ತೊಂದು ಎಚ್ಚರ: ಸಿಲ್ವಿಯಾದಂಥ ಪಿ ವರ್ಗದ ಕಾಯದಿಂದ ಯಾರೂ ಪುಡಿ ತಂದಿಲ್ಲ. ಅದರ ಮೇಲ್ಮೈಗೆ ಮರ್ಚಿಸನ್ ಬಗೆಯ ಶಿಲೆಗಿಂತ ಅಂತರಗ್ರಹ ಧೂಳೇ ಹೆಚ್ಚು ಹೋಲುತ್ತದೆ ಎಂಬುದು ಕೆಲವು ಸಂಶೋಧಕರ ಅಭಿಪ್ರಾಯ.

ಒಳಗೇನಿದೆ ಎಂದು ತಿಳಿಯಲು ಅದನ್ನು ತೂಗಬೇಕು. ತೂಗುವುದಕ್ಕೆ ಸುಲಭದ ದಾರಿ ಅದರ ಸುತ್ತ ತಿರುಗುವ ಉಪಗ್ರಹ. 2001ರ ಫೆಬ್ರುವರಿ 18ರಂದು ಹವಾಯಿಯ ಕೆಕ್ ದೂರದರ್ಶಕದಲ್ಲಿ ಮೈಕೆಲ್ ಬ್ರೌನ್ ಮತ್ತು ಜಾನ್ ಲೂಕ್ ಮಾರ್ಗೋ ಸಿಲ್ವಿಯಾದ ಪಕ್ಕದಲ್ಲಿ ಒಂದು ಮಂದ ಚುಕ್ಕೆ ಕಂಡರು. ವಾತಾವರಣದ ಕಂಪನವನ್ನು ಕ್ಷಣಕ್ಷಣಕ್ಕೂ ಸರಿಪಡಿಸುವ ಕನ್ನಡಿಗಳಿಂದಾಗಿ ಇದು ಸಾಧ್ಯವಾಯಿತು. 2004ರಲ್ಲಿ ಚಿಲಿಯ ದೊಡ್ಡ ದೂರದರ್ಶಕದಲ್ಲಿ ತೆಗೆದ ಚಿತ್ರಗಳಲ್ಲಿ ಫ್ರಾಂಕ್ ಮಾರ್ಷಿ ಮತ್ತು ಸಂಗಡಿಗರಿಗೆ ಇನ್ನೂ ಒಂದು ಸಿಕ್ಕಿತು. 2005ರ ಆಗಸ್ಟಿನಲ್ಲಿ ಅವರು ಅದನ್ನು ಪ್ರಕಟಿಸಿದಾಗ ಸಿಲ್ವಿಯಾ ಎರಡು ಉಪಗ್ರಹಗಳಿರುವ ಮೊಟ್ಟಮೊದಲ ಕ್ಷುದ್ರಗ್ರಹವೆನಿಸಿತು. ಹೆಸರಿಗೆ ತಡಕಾಡಬೇಕಾಗಲಿಲ್ಲ. ರೋಮ್ಯುಲಸ್, ರೀಮಸ್. 139 ವರ್ಷಗಳ ಹಿಂದೆ ಪಾಗ್ಸನ್ ತಾಯಿಗೆ ಹೆಸರಿಟ್ಟಾಗ ಮಕ್ಕಳ ಸುಳಿವೇ ಇರಲಿಲ್ಲ. ಕಮಿಲಾಕ್ಕೂ 2001ರಲ್ಲಿ ಒಂದು, ಮುಂದೆ 2016ರಲ್ಲಿ ಇನ್ನೊಂದು ಉಪಗ್ರಹ ಪ್ರಕಟವಾದವು. ಮದರಾಸಿನಿಂದ ಪಾಗ್ಸನ್ ಕಂಡ ಐದರಲ್ಲಿ ಎರಡು ಮೂವರ ಸಂಸಾರಗಳು!

ತೂಗುವ ಲೆಕ್ಕ ಪದವಿಪೂರ್ವ ತರಗತಿಯಲ್ಲಿ ಮಾಡಿಸಬಹುದಾದಷ್ಟು ಸರಳ. ರೋಮ್ಯುಲಸ್ ಸಿಲ್ವಿಯಾದಿಂದ 1356 ಕಿಮೀ ದೂರದಲ್ಲಿ 3.65 ದಿನಕ್ಕೊಮ್ಮೆ ಸುತ್ತುತ್ತದೆ. ದೂರವನ್ನು ಮೀಟರಿನಲ್ಲಿ, ಕಾಲವನ್ನು ಸೆಕೆಂಡಿನಲ್ಲಿ ಬರೆಯಿರಿ. ದೂರದ ಘನವನ್ನು 4 ಪೈ ವರ್ಗದಿಂದ ಗುಣಿಸಿ, ಗುರುತ್ವ ಸ್ಥಿರಾಂಕ ಮತ್ತು ಕಾಲದ ವರ್ಗದ ಗುಣಲಬ್ಧದಿಂದ ಭಾಗಿಸಿ. ಬರುವ ರಾಶಿ 1.48ರ ಮುಂದೆ ಹತ್ತರ 19ನೆಯ ಘಾತದಷ್ಟು ಕಿಲೋಗ್ರಾಂ. ಇದನ್ನು 274 ಕಿಮೀ ವ್ಯಾಸದ ಗೋಲದ ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.4 ಗ್ರಾಂ. ಬೆಳಗಾವಿಯ ಸುತ್ತಲಿನ ಕರಿಗಲ್ಲಿನ ಸಾಂದ್ರತೆ 2.9ರ ಆಸುಪಾಸು. ಅದರ ಅರ್ಧಕ್ಕೂ ಕಡಿಮೆ! ಘನ ಶಿಲೆಯಿಂದ ಇದು ಸಾಧ್ಯವಿಲ್ಲ. ಒಳಗೆ ಸಂದುಗೊಂದುಗಳಿರಬೇಕು, ಮಂಜುಗಡ್ಡೆಯೂ ಇರಬಹುದು. 2005ರಲ್ಲಿ ಅದನ್ನು ಒಡೆದು ಮತ್ತೆ ಕೂಡಿದ ಕಲ್ಲುರಾಶಿಯೆಂದು ವರ್ಣಿಸಿದರು. 2021ರ ಅಧ್ಯಯನವೊಂದು ಉಪಗ್ರಹಗಳ ಕಕ್ಷೆಯನ್ನೂ ಕಾಯದ ಆಕಾರವನ್ನೂ ಕೂಡಿಸಿ ನೋಡಿ, ರಾಶಿ ಒಳಗಡೆಗೆ ಹೆಚ್ಚು ಸೇರಿಕೊಂಡಿದೆ, ಹಿಂದೆ ವಿಕಿರಣಶೀಲ ಶಾಖದಿಂದ ಒಳಭಾಗ ಕಾದು ಮಂಜು ಕರಗಿ ಪದರಗಳಾಗಿರಬೇಕು ಎಂಬ ತೀರ್ಮಾನಕ್ಕೆ ಬಂತು. ಆವಿಗೆಯ ಮೇಲಿನ ಸಾಲಿನ ಮಡಕೆ ಹಸಿ, ಕೆಳಗಿನದು ಸುಟ್ಟಿದೆ ಎಂದಂತೆ. ಈ ಮಾತು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ.

ಪಾಗ್ಸನ್ ಮದರಾಸಿನಲ್ಲಿ ಮೂವತ್ತು ವರ್ಷ ದುಡಿದು 1891ರ ಜೂನ್‌ನಲ್ಲಿ ಅಲ್ಲೇ ತೀರಿಕೊಂಡರು. ಅಳೆದದ್ದು ಬೆಟ್ಟದಷ್ಟು, ಲೆಕ್ಕ ಮಾಡಿ ಅಚ್ಚು ಹಾಕಿಸಲು ಕೈಗಳು ಸಾಲದು. ನಕ್ಷತ್ರ ವೀಕ್ಷಣೆಯ ಹಲವು ಸಂಪುಟಗಳು ಹೊರಬಂದದ್ದು ಅವರ ನಂತರ, ಮೀಚಿ ಸ್ಮಿತ್ ಅವರ ಕೈಯಿಂದ. ಮಗಳು ಐಸಿಸ್ 1873ರಿಂದ ತಂದೆಯೊಡನೆ ವೀಕ್ಷಣಾಲಯದಲ್ಲಿ ಗಣಕಿಯಾಗಿ ದುಡಿದಾಕೆ. 1886ರಲ್ಲಿ ಆಕೆಯ ಹೆಸರು ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಗೆ ಸೂಚಿತವಾದರೂ ಹೆಂಗಸರಿಗೆ ಅವಕಾಶವಿಲ್ಲವೆಂದು ಹಿಂದಕ್ಕೆ ಪಡೆಯಬೇಕಾಯಿತು. ಫೆಲೋ ಆದದ್ದು 1920ರಲ್ಲಿ. ಪಾಗ್ಸನ್ ಹೋದ ಆರು ತಿಂಗಳಿಗೆ, 1891ರ ಡಿಸೆಂಬರಿನಲ್ಲಿ, ಜರ್ಮನಿಯ ಮ್ಯಾಕ್ಸ್ ವುಲ್ಫ್ ಛಾಯಾಫಲಕದ ಮೇಲೆ ಮೊದಲ ಕ್ಷುದ್ರಗ್ರಹವನ್ನು ಹಿಡಿದರು. ನಕ್ಷೆ ಬರೆದು ಕಣ್ಣಿನಿಂದ ಹುಡುಕುವ ಕಸುಬಿಗೆ ಅಲ್ಲಿಂದಾಚೆ ಇಳಿಗಾಲ.

1899ರಲ್ಲಿ ಮದರಾಸಿನ ಖಗೋಳ ಕಾರ್ಯ ಕೊಡೈಕೆನಾಲಿಗೆ ಹೋಯಿತು. ಆ ಪರಂಪರೆಯೇ 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ ಇಂದು ಬೆಂಗಳೂರಿನ ಕೋರಮಂಗಲದಲ್ಲಿದೆ. 1885ರಲ್ಲಿ ಪಾಗ್ಸನ್ ಕಂಡ ವೀರಾ ಕ್ಷುದ್ರಗ್ರಹದ ನಂತರ ನೂರಕ್ಕೂ ಹೆಚ್ಚು ವರ್ಷ ಭಾರತದಿಂದ ಹೊಸದೊಂದೂ ಸಿಗಲಿಲ್ಲ. ಆ ಮೌನ ಮುರಿದದ್ದು ಇದೇ ಸಂಸ್ಥೆಯ ಕಾವಲೂರು ವೀಕ್ಷಣಾಲಯ. ಆರ್. ರಾಜಮೋಹನ್ ಮತ್ತು ಸಂಗಡಿಗರು 45 ಸೆಂಮೀ ಶ್ಮಿಟ್ ದೂರದರ್ಶಕದಿಂದ ಕಲ್ಕಿ ಎಂಬ ಯೋಜನೆಯಲ್ಲಿ 1988ರ ಆರಂಭದಲ್ಲಿ ಕಂಡವುಗಳಲ್ಲಿ 4130ನೆಯದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿದೆ. ಸಂಸ್ಥೆಯ ನಿರ್ದೇಶಕರಾಗಿದ್ದ ಜೆ. ಸಿ. ಭಟ್ಟಾಚಾರ್ಯ ಅವರ ಹೆಸರಿನದು 8348.

ಕೊನೆಗೆ, ಸಿಲ್ವಿಯಾವನ್ನು ನೀವೇ ನೋಡಬಹುದೆ? ನೋಡಬಹುದು. ಆರು ಅಂಗುಲದ ದೂರದರ್ಶಕ ಸಾಕು. ವಡಗಾವಿಯ ಮಾಳಿಗೆಯ ಮೇಲಿಂದ ಬೀದಿದೀಪಗಳ ನಡುವೆ ಕಷ್ಟ. ಖಾನಾಪುರದಾಚೆ ಕಣಕುಂಬಿಯ ಕಡೆ ಹೋದರೆ ಕಾಡಿನ ಕತ್ತಲೆ ಇದೆ, ಮಳೆಗಾಲ ಮುಗಿದಿರಬೇಕಷ್ಟೆ. ವಿಯುತಿ ಸುಮಾರು ಹದಿನಾಲ್ಕು ತಿಂಗಳಿಗೊಮ್ಮೆ ಬರುತ್ತದೆ, ಆ ಹೊತ್ತಿನ ಸ್ಥಾನವನ್ನು ಪಂಚಾಂಗ ತಂತ್ರಾಂಶದಿಂದ ತಿಳಿದುಕೊಳ್ಳಿ. ಅದು ಯಾವ ಚುಕ್ಕೆಯೆಂದು ಮೊದಲೇ ವಿದ್ಯಾರ್ಥಿಗಳಿಗೆ ಹೇಳಬೇಡಿ. ಕಾಣುವ ನಕ್ಷತ್ರಗಳನ್ನೆಲ್ಲ ಕಾಗದದ ಮೇಲೆ ಬರೆಸಿ. ಮರುದಿನ ರಾತ್ರಿ ಅದೇ ಜಾಗವನ್ನು ಮತ್ತೆ ಬರೆಸಿ. ಎರಡೂ ಕಾಗದ ಒಂದರ ಮೇಲೊಂದಿಟ್ಟು ದೀಪಕ್ಕೆ ಹಿಡಿದಾಗ, ಯಾವುದೋ ಒಂದು ಚುಕ್ಕೆ ಚಂದ್ರಬಿಂಬದ ಮೂರನೇ ಒಂದರಷ್ಟು ಪಕ್ಕಕ್ಕೆ ಸರಿದಿರುತ್ತದೆ.